ಮೀನು ಬಾರದ ವಾರಗಳು

2025ರ ಜುಲೈ 13, ಭಾನುವಾರ, ಬೆಳಿಗ್ಗೆ 7 ಗಂಟೆ 20 ನಿಮಿಷ. ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಅಮೃತಮ್ಮ ತಲೆಯ ಮೇಲಿನ ಮೀನಿನ ಬುಟ್ಟಿಯನ್ನು ಯಶೋಧರಾಳ ಮನೆಯ ಕಟ್ಟೆಯ ಮೇಲೆ ಇಳಿಸಿದಳು.

"ಯವ್ವಾ, ಭೀಮಾ ನದಿ ಮೀನ. ರಾತ್ರಿ ಬಲಿಗಿ ಬಿದ್ದದ್ದು. ತಗೋತಿಯೇನು?"

ಯಶೋಧರಾ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಆಸ್ಪತ್ರೆಗಳ ಕರಪತ್ರ, ಔಷಧದ ಮಾಹಿತಿ, ರೈತರಿಗೆ ಸಲಹೆ, ಇಂಥವನ್ನೆಲ್ಲ ಹೈದರಾಬಾದಿನ ಒಂದು ಏಜೆನ್ಸಿಗೆ ಕನ್ನಡದಲ್ಲಿ ಬರೆದುಕೊಡುವುದು ಅವಳ ಕೆಲಸ. ಪದಕ್ಕೆ ಎಂಬತ್ತು ಪೈಸೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಚಿತ್ತಾಪುರದಲ್ಲಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳು, ಆ ಕೆಲಸ ತಪ್ಪಿದ ಮೇಲೆ ಇದಕ್ಕೆ ಕೈ ಹಾಕಿದ್ದಳು. ಬರೆದದ್ದಕ್ಕೆ ಹಣ ಬರುತ್ತಿತ್ತು, ಆದರೆ ಯಾವಾಗ ಬರುತ್ತದೆಂದು ಹೇಳುವವರು ಇರಲಿಲ್ಲ. ಒಮ್ಮೆ ಮೂವತ್ತು ದಿನಕ್ಕೆ, ಒಮ್ಮೆ ಎಪ್ಪತ್ತು ದಿನಕ್ಕೆ.

"ಈ ವಾರ ಬ್ಯಾಡ ಅಮೃತಮ್ಮ," ಎಂದು ಅವಳು ಕೂತಲ್ಲಿಂದಲೇ ಹೇಳಿದಳು.

"ಯುಗಾದಿಯಿಂದ ಇದೇ ಹಾಡು ಹಾಡ್ಲಿಕತ್ತಿ. ಮನಿ ಮಂದಿ ಎಲ್ಲಾ ಬುದ್ಧ ವಿಹಾರದ ಭಂತೇಜಿ ಆಗೀರೇನು ಮತ್ತ?"

ಅಡುಗೆಮನೆಯಿಂದ ಅತ್ತೆ ಸುಂದರಮ್ಮ ನಗುತ್ತ ಹೊರಬಂದಳು. "ತಲಿ ಬೋಳಿಸೋದೊಂದು ಉಳಿದದ ನೋಡು ಅಮೃತಿ. ಬಾ, ನೀರು ಕುಡಿದು ಹೋಗು." ಅವಳು ಚೊಂಬು ಹಿಡಿದು ಬಾಗಿಲವರೆಗೆ ನಡೆದಳು.

ಯಶೋಧರಾಳ ಹನ್ನೊಂದು ವರ್ಷದ ಮಗಳು ಮೈತ್ರಿ ಪಡಸಾಲೆಯಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದವಳು ಅಜ್ಜಿಯತ್ತ ನೋಡಿದಳು. "ಆಯಿ, ನೀ ಏನ ತುಳಿದೀ? ಹೆಜ್ಜಿ ಮೂಡ್ಲಿಕತ್ತಾವ."

ನೀಲಿಗಪ್ಪು ಪರಸಿ ಕಲ್ಲಿನ ನೆಲದ ಮೇಲೆ, ಅಡುಗೆಮನೆಯಿಂದ ಬಾಗಿಲವರೆಗೆ, ಎಡಗಾಲಿನ ಹೆಜ್ಜೆಯಷ್ಟೇ ಕಂದು ಬಣ್ಣದಲ್ಲಿ ಮೂಡಿತ್ತು.

ಯಶೋಧರಾ ಎದ್ದು ಬಂದಳು. ಅತ್ತೆಯನ್ನು ಕಟ್ಟೆಯ ಮೇಲೆ ಕೂಡಿಸಿ ಪಾದ ಎತ್ತಿ ನೋಡಿದಳು. ಹೆಬ್ಬೆರಳಿನ ಬುಡಕ್ಕೆ ಹಳೇ ಸೀರೆಯ ಚೂರು ಸುತ್ತಿತ್ತು. ಬಿಚ್ಚಿದರೆ, ಒಂದು ರೂಪಾಯಿ ನಾಣ್ಯ ಕೂಡುವಷ್ಟು ಅಗಲದ ಕುಳಿ. ಅಂಚು ಬೆಳ್ಳಗೆ ದಪ್ಪವಾಗಿತ್ತು. ಅಮೃತಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ದಿನವಿಡೀ ಮೀನಿನ ಬುಟ್ಟಿ ಹೊರುವವಳು.

"ಅತ್ತೀ, ಇದು ಯಾವಾಗ ಆತು?"

"ಬ್ಯಾಸಗ್ಯಾಗ. ಸಂಡಿಗಿ ಒಣಗಿಸ್ಲಿಕ್ಕ ಮಾಳಗಿ ಮ್ಯಾಲ ಹೋಗಿದ್ದೆ, ಪರಸಿ ಕಾದಿತ್ತು. ಬೊಬ್ಬಿ ಎದ್ದು ಒಡೀತು. ಯಾಕ ಅಷ್ಟು ಮಾರಿ ಮಾಡ್ತಿ? ಒಂದೀಟೂ ನೋವಿಲ್ಲ."

ನೋವಿಲ್ಲ ಎಂಬ ಮಾತಿಗೇ ಯಶೋಧರಾ ಅಂಜಿದಳು. ಸಕ್ಕರೆ ಕಾಯಿಲೆಯ ಗಾಯ ನೋಯುವುದನ್ನು ನಿಲ್ಲಿಸುವುದು ಪಾದದ ನರ ಸತ್ತಾಗ ಎಂದು ಅವಳಿಗೆ ಗೊತ್ತಿತ್ತು. ಅವಳು ಅದನ್ನೇ ಬರೆಯುತ್ತಿದ್ದಳು. ಒಳಗೆ ಪರದೆಯ ಮೇಲೆ ಅರ್ಧಕ್ಕೆ ನಿಂತಿದ್ದ ಸಾಲು: 'ಪಾದಗಳನ್ನು ಪ್ರತಿದಿನ ಪರೀಕ್ಷಿಸಿಕೊಳ್ಳಿ.'

ಸಕ್ಕರೆ ನೋಡುವ ಯಂತ್ರವನ್ನು ಮೈತ್ರಿ ಕಪಾಟಿನಿಂದ ತಂದಳು. ಸುಂದರಮ್ಮ ಇನ್ನೂ ಚಹಾ ಕುಡಿದಿರಲಿಲ್ಲ. ಯಂತ್ರ ಮುನ್ನೂರ ಎಂಬತ್ತಾರು ತೋರಿಸಿತು.

"ಕೆಟ್ಟಿರಬೇಕು ಅದು," ಎಂದಳು ಸುಂದರಮ್ಮ. "ಭಾಳ ದಿನ ಆತು ಮುಟ್ಟಿಲ್ಲ."

ಯಂತ್ರ ಕೆಟ್ಟಿರಲಿಲ್ಲ.

ಸ್ಟೇಷನ್ ರಸ್ತೆಯ ಮುದಸ್ಸಿರ್‌ನ ಮೆಡಿಕಲ್ ಅಂಗಡಿ ಆಗತಾನೇ ತೆರೆದಿತ್ತು. ಯಶೋಧರಾ ಹತ್ತಿ, ಪಟ್ಟಿ, ತೊಳೆಯುವ ದ್ರಾವಣ ಕೇಳಿದಳು. ಅತ್ತೆಯ ಇನ್ಸುಲಿನ್ ಪೆನ್ನಿನ ರೀಫಿಲ್ ಇದ್ದರೆ ಅದನ್ನೂ ಕೊಡಿ ಎಂದಳು.

"ಎಷ್ಟು ಕೊಡ್ಲಿ ಭಾಭಿ? ಎರಡೋ ನಾಕೋ?"

"ತಿಂಗಳಿಗಿ ನಾಕು ಹತ್ತಾವಲ್ಲ ಮುದಸ್ಸಿರ್."

"ಮೊದಲು ನಾಕು ಒಯ್ತಿದ್ರಿ. ಈಗ ಮೂರು ತಿಂಗಳಿಂದ ಚಾಚಾ ಎರಡೇ ಒಯ್ಲಿಕತ್ತಾರ. ನಾ ಕೇಳ್ದೆ ಒಮ್ಮಿ, ಡಾಕ್ಟರು ಡೋಸ್ ಕಮ್ಮಿ ಮಾಡ್ಯಾರ ಅಂದ್ರು. ನಾ ಖುಷಿ ಆದೆ ಖರೇ ಅಂದ್ರ."

ಅವಳು ನಾಲ್ಕು ರೀಫಿಲ್ ತೆಗೆದುಕೊಂಡಳು. ಮನೆಗೆ ಐದು ನಿಮಿಷದ ದಾರಿ. ಗೂಡ್ಸ್ ಗಾಡಿಗೆ ಗೇಟ್ ಹಾಕಿದ್ದರು. ಸಿಮೆಂಟಿನ ವ್ಯಾಗನ್‌ಗಳು ಒಂದರ ಹಿಂದೆ ಒಂದು ಹೊರಟವು, ಮುಗಿಯಲೊಲ್ಲವು. ಅವಳು ಚೀಲವನ್ನು ಎದೆಗವುಚಿಕೊಂಡು ನಿಂತಳು. ಎರಡು ರೀಫಿಲ್ ಎಂದರೆ ಬೆಳಿಗ್ಗೆ ಇಪ್ಪತ್ತು ಯೂನಿಟ್ಟಿನ ಬದಲು ಹತ್ತು, ರಾತ್ರಿ ಹದಿನಾರರ ಬದಲು ಎಂಟು.

ಮಾವ ಮಾಣಿಕಪ್ಪ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತಿದ್ದ. ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ಮೂವತ್ತು ವರ್ಷ ಪರಸಿ ಒಡೆದವನು, ಈಗ ಎರಡು ಹೆಜ್ಜೆ ನಡೆದರೆ ಕೆಮ್ಮುವವನು. ಸೊಸೆಯ ಕೈಯಲ್ಲಿ ನಾಲ್ಕು ಡಬ್ಬಿ ನೋಡಿದವನೇ ಬೀಡಿ ಆರಿಸಿದ.

"ಮಾವಾರ, ಅತ್ತಿ ಡೋಸ್ ಕಮ್ಮಿ ಮಾಡಿದ ಡಾಕ್ಟರು ಯಾರು?"

"ನನ್ನ ಕೇಳಬ್ಯಾಡ. ಆಕೀ ಹೇಳಿದ್ಲು, ನಾ ತಂದೆ."

ಸುಂದರಮ್ಮ ಒಲೆಯ ಮುಂದೆ ಕಾಲು ಚಾಚಿ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡಲಿಲ್ಲ. "ನಾನೇ ಕಮ್ಮಿ ಮಾಡ್ದೆ."

"ಯಾಕ?"

"ಯಾಕಂದ್ರ? ರೊಕ್ಕ ಬರ್ಲಿಕತ್ತಿಲ್ಲ. ನೀ ಹೇಳದಿದ್ರ ನಂಗ ತಿಳಿಯಂಗಿಲ್ಲೇನು?"

"ರೊಕ್ಕ ಬಂದಿಲ್ಲಂತ ನಿಮಗ ಹೇಳ್ದವ್ರು ಯಾರು?"

"ಮೀನ ಎಲ್ಲಿ ಬಂತು?" ಸುಂದರಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಯುಗಾದಿಯಿಂದ ಈ ಮನೀಗಿ ಮೀನ ಬಂದಿಲ್ಲ."

ಯಶೋಧರಾ ಅಲ್ಲೇ ಗೋಡೆಗೆ ಒರಗಿ ಕೂತಳು.

ಅದು ಈ ಮನೆಯ ಪದ್ಧತಿ, ಅವಳು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮೊದಲಿನದು. ಗಣಿಯಲ್ಲಿ ಶನಿವಾರ ಬಟವಾಡೆ. ವಾರದ ಕೂಲಿ ಕೈಗೆ ಬಂದರೆ ಭಾನುವಾರ ಮನೆಗೆ ಮೀನು. ಕೂಲಿ ಹಂಚುವ ಮುಕಾದಮ ಬಟವಾಡೆ ಮುಂದೂಡಿದರೆ ಮೀನಿಲ್ಲ, ಆ ವಾರ ಸುಂದರಮ್ಮನಿಗೆ ಅರ್ಧ ರೊಟ್ಟಿ. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಮೀನೇ ಹೇಳುತ್ತಿತ್ತು. ಯಶೋಧರಾಳೂ ಅದನ್ನೇ ಹಿಡಿದುಕೊಂಡು ಬಂದಿದ್ದಳು. ಏಜೆನ್ಸಿಯ ಹಣ ಖಾತೆಗೆ ಬಿದ್ದ ವಾರ ಅಮೃತಮ್ಮನಿಂದ ಒಂದು ಕಿಲೋ ಮೀನು ಕೊಳ್ಳುತ್ತಿದ್ದಳು. ತಲೆ ಸುಂದರಮ್ಮನಿಗೆ.

ಕಳೆದ ದೀಪಾವಳಿಯ ಹೊತ್ತಿಗೆ ಎರಡೂವರೆ ತಿಂಗಳು ಒಂದು ಪೈಸೆಯೂ ಬಾರದೆ ಅವಳ ಕಿವಿಯ ಬೆಂಡೋಲಿ ಗಿರವಿ ಹೋದವು. ಅವನ್ನು ಬಿಡಿಸಿಕೊಂಡ ದಿನವೇ ಅವಳು ನಿರ್ಧರಿಸಿದ್ದಳು. ಯುಗಾದಿಯಿಂದಾಚೆ ಬಂದ ಹಣವೆಲ್ಲ ಬೇರೆ ಖಾತೆಗೆ ಹೋಗತಕ್ಕದ್ದು. ಅಲ್ಲಿಂದ ಪ್ರತಿ ತಿಂಗಳು ಒಂದನೇ ತಾರೀಖು ಹನ್ನೆರಡು ಸಾವಿರ ಮಾತ್ರ ಅತ್ತೆಯ ಕೈಗೆ. ಹೆಚ್ಚು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಏಪ್ರಿಲಿನಲ್ಲಿ ಹಳೇ ಬಿಲ್ಲುಗಳೆಲ್ಲ ಸೇರಿ ಅರವತ್ತೆರಡು ಸಾವಿರ ಒಮ್ಮೆಲೇ ಬಂತು. ಆ ವಾರವೂ ಅವಳು ಪುಂಡಿಪಲ್ಲೆ ಮಾಡಿದಳು. ಮೀನು ತಂದರೆ ಹಣ ಬಂದದ್ದು ಮನೆಗೆಲ್ಲ ತಿಳಿಯುತ್ತದೆ, ತಿಳಿದರೆ ಉಳಿಯುವುದಿಲ್ಲ ಎಂಬ ಅಂಜಿಕೆ. ಅತ್ತೆಯ ಕೈಗೆ ನೋಟು ಕೊಡುವಾಗ ಪ್ರತಿ ಸಲ ಒಂದೇ ಮಾತು: "ಇಷ್ಟೇ ಅದ ಅತ್ತೀ, ಇದರಾಗೇ ನಡಸ್ರಿ."

ಸುಂದರಮ್ಮ ಅದರಲ್ಲೇ ನಡೆಸಿದ್ದಳು.

"ನನ್ನ ಕೇಳಬೇಕಿತ್ತಲ್ರಿ," ಎಂದಳು ಯಶೋಧರಾ.

"ಒಮ್ಮಿ ಕೇಳಿದ್ದೆ. ಬಿಲ್ ಬಂತೇನವ್ವಾ ಅಂತ. ದಿನಾ ಅದನ್ನೇ ಕೇಳಬ್ಯಾಡ್ರಿ ಅಂದಿ. ಬಿಟ್ಟೆ."

"ಅರ್ಧ ಸೂಜಿ ತಗೊಂಡ್ರ ಏನಾಗ್ತದ ಗೊತ್ತೇನ್ರಿ ನಿಮಗ?"

"ಅರ್ಧ ರೊಟ್ಟಿ ತಿಂದು ಮೂರು ಮಕ್ಕಳು ಹಡದೀನಿ. ಅರ್ಧ ಸೂಜಿಗಿ ಸಾಯ್ತೀನೇನು? ಎಣ್ಣಿ ರೇಟು ಏರಿತು, ಹಾಲು ಏರಿತು. ಎಲ್ಲಿಂದ ತೆಗೀಲಿ? ಮೈತ್ರಿ ತಾಟಿನ್ಯಾಗಿಂದ ತೆಗೀಲಾ?"

ರೊಟ್ಟಿ ಹೊತ್ತಿದ ವಾಸನೆ ಬಂತು. ಇಬ್ಬರೂ ಅದನ್ನು ನೋಡುತ್ತ ಕೂತರು.

ಮರುದಿನ ಸೋಮವಾರ ಯಶೋಧರಾಳ ಗಂಡ ಅಜಯಕುಮಾರ ಟಂಟಂನಲ್ಲಿ ಬೇರೆ ಯಾರನ್ನೂ ಕೂಡಿಸಿಕೊಳ್ಳಲಿಲ್ಲ. ವಾಡಿಯಿಂದ ಚಿತ್ತಾಪುರಕ್ಕೆ ದಿನಕ್ಕೆ ಆರು ಸಲ ಮಂದಿ ಸಾಗಿಸುವ ಗಾಡಿ ಅದು. ಹಿಂದಿನ ಸೀಟಿನಲ್ಲಿ ತಾಯಿಯ ಕಾಲನ್ನು ಹೆಂಡತಿಯ ತೊಡೆಯ ಮೇಲೆ ಇಡಿಸಿ ಶಹಾಬಾದಿಗೆ ಹೊರಟ. ಅಲ್ಲಿಯ ಖಾಸಗಿ ದವಾಖಾನೆಯೊಂದರ ಸರ್ಜನ್ ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ಕಾಗದದ ಅಳತೆಪಟ್ಟಿ ಹಿಡಿದರು.

"ಇಪ್ಪತ್ನಾಕು ಮಿಲಿಮೀಟರ್. ಎಕ್ಸರೇದಾಗ ಎಲುಬಿಗಿ ಇನ್ನೂ ಹತ್ತಿಲ್ಲ, ಅದು ನಿಮ್ಮ ಪುಣ್ಯ." ಅವರು ಯಶೋಧರಾಳ ಕಡೆ ತಿರುಗಿದರು. "ನಾಕು ವಾರ ಟೈಂ ಕೊಡ್ತೀನಿ. ಆಗಸ್ಟ್ ಹನ್ನೊಂದಕ್ಕ ಇದು ಹದಿನಾರರ ಒಳಗ ಬರಬೇಕು. ಬರಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ. ತಡ ಮಾಡಿದ್ರ ಬೆರಳಿಗಿ ನಿಲ್ಲಂಗಿಲ್ಲ, ಪಾದಕ್ಕ ಹೋಗ್ತದ."

"ನಡೀಲಿಕ್ಕ ಬರ್ತದೇನ್ರಿ ಸಾಹೇಬ್ರ, ಬೆರಳಿಲ್ದ?" ಎಂದು ಸುಂದರಮ್ಮ ಕೇಳಿದಳು.

"ಈಗ ನಡೀಲೇಬ್ಯಾಡ್ರಿ ನೀವು. ಸಕ್ರಿ ಇಳಿಸ್ರಿ, ಕಾಲು ಊರಬ್ಯಾಡ್ರಿ. ಸೂಜಿ ಒಂದು ಹೊತ್ತೂ ತಪ್ಪಬಾರದು, ಕಮ್ಮಿ ಆಗಬಾರದು."

ಬಿಲ್ಲು ಒಂಬತ್ತು ಸಾವಿರದ ನಾಲ್ಕುನೂರು. ಅಜಯಕುಮಾರ ಹೊರಗೆ ಹೋಗಿ ಸಾಲಕ್ಕೆ ಗೆಳೆಯನೊಬ್ಬನಿಗೆ ಫೋನು ಹಚ್ಚಿದ. "ಸಿದ್ದಣ್ಣಾ, ಹತ್ತು ಸಾವಿರ ಬೇಕಾಗಿತ್ತೋ, ಅವ್ವನ ಕಾಲಿಗಿ…" ಎನ್ನುವಷ್ಟರಲ್ಲಿ ಯಶೋಧರಾ ಅವನ ಮೊಣಕೈ ಹಿಡಿದಳು.

"ಬ್ಯಾಡ್ರಿ. ಅದ."

"ಏನ ಅದ?"

ಅವಳು ಕೌಂಟರಿನ ಮುಂದೆ ಮೊಬೈಲು ಹಿಡಿದು ಹಣ ಕಟ್ಟಿದಳು. ಉಳಿದ ಮೊತ್ತ ಪರದೆಯ ಮೇಲೆ ಬಂತು. ಅವನು ಅದನ್ನು ನೋಡಿದ.

ಅಂದು ಸಂಜೆಯ ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ. ಅಜಯಕುಮಾರ ತಾಟು ಮುಟ್ಟಲಿಲ್ಲ.

"ಎಷ್ಟದ?"

"ಅರವತ್ತೊಂದು ಸಾವಿರದ ಆರುನೂರು."

"ಬೆಳಿಗ್ಗಿ ಎಷ್ಟಿತ್ತು?"

"ಎಪ್ಪತ್ತೊಂದು."

ಮಾಣಿಕಪ್ಪ ಬಾಯಿಗಿಟ್ಟ ತುತ್ತು ಅಗಿಯುವುದನ್ನು ನಿಲ್ಲಿಸಿದ. ಸುಂದರಮ್ಮ ಹಾಸಿಗೆಯ ಮೇಲೆ ಕಾಲು ದಿಂಬಿಗಿಟ್ಟು ಕೂತಿದ್ದಳು. ಸೊಸೆಯನ್ನೇ ನೋಡಿದಳು.

"ಬೋಳು ಟೈರ್ ಮ್ಯಾಲ ಮಳ್ಯಾಗ ಸೇಡಂ ತನ ಹೋಗಿ ಬರ್ಲಿಕತ್ತೀನಿ ನಾ," ಎಂದ ಅಜಯಕುಮಾರ. "ನೂರು ರೂಪಾಯಿ ಹೆಚ್ಚಿಗಿ ಸಿಗ್ತದಂತ. ಮನ್ಯಾಗ ಇಲ್ಲಂತ. ಅಲ್ಲಿ ನನ್ನ ಅವ್ವ ಅರ್ಧ ಸೂಜಿ ಚುಚ್ಚಿಕೋತಾಳ. ನೀ ಎಪ್ಪತ್ತು ಸಾವಿರ ಮಡಚಿ ತಲಿ ಬುಡಕ ಇಟ್ಕೊಂಡು ಮಲಗ್ತಿ."

"ನಿದ್ದಿ ಬರ್ತದ ಅನ್ಕೊಂಡೀರೇನು? ಹ್ವಾದ ದೀಪಾವಳಿ ನೆನಪದ ಇಲ್ಲ? ನನ್ನ ಬೆಂಡೋಲಿ…"

"ಹೇಳಬೇಕಿತ್ತು."

"ಹೇಳಿದ್ರ ಉಳೀತಿತ್ತೇನು? ನೀವು ಟೈರ್ ಅಂತೀರಿ. ಮಾವಾರು ಚಿಂಚೋಳಿ ತಂಗಿ ಮನಿ ಮದಿವಿ ಅಂತಾರ, ಹತ್ತು ಸಾವಿರ ಮುಯ್ಯಿ ಅಂತಾರ."

"ನನ್ನ ತಂಗಿ ಹೆಸರು ಯಾಕ ತರ್ತಿ ಇದರಾಗ?" ಎಂದ ಮಾಣಿಕಪ್ಪ. "ನಾ ಐದೇ ಸಾವಿರ ಅಂದಿದ್ದೆ."

ಮೈತ್ರಿ ಕಿಸಕ್ಕನೆ ನಕ್ಕು, ಯಾರೂ ನಗದಿರುವುದು ನೋಡಿ ತಲೆ ತಗ್ಗಿಸಿದಳು.

ಯಶೋಧರಾ ತಿಳಿಸಿ ಹೇಳಲು ನೋಡಿದಳು. "ನನ್ನದು ಪಗಾರ ಅಲ್ರಿ ಮಾವಾರ. ರಾಶಿ ಇದ್ದಂಗ. ಒಮ್ಮಿ ಬರ್ತದ, ವರ್ಷ ತನ ಉಣಬೇಕು. ನಿಮ್ಮ ಊರು ತೆಂಗಳ್ಯಾಗ ನೆಲ ಅಗದು ಹಗೇವಿನ್ಯಾಗ ಜ್ವಾಳ ಇಡ್ತಿದ್ರಲ್ಲ, ಹಂಗ. ಅದನ್ನ ಒಮ್ಮಿಗೇ ತೆಗೆದು ಉಂಡ್ರ ಮುಂದ?"

"ಹಗೇವು ಇದ್ದದ್ದು ಗೌಡರ ಮನ್ಯಾಗ," ಎಂದ ಮಾಣಿಕಪ್ಪ. "ನಮ್ಮ ಹಿರೇರು ಅದಕ್ಕ ಕಾಳು ಹೊತ್ತು ಹಾಕ್ಯಾರ, ತೆಗೆದು ಉಂಡಿಲ್ಲ. ಇದ್ದೂ ಉಣ್ಣದ ರೊಕ್ಕ ನಮ್ಮ ವಂಶದಾಗ ಯಾರೂ ನೋಡಿಲ್ಲವ್ವಾ. ಬಟವಾಡಿ ಆದ್ರ ಆತು, ಇಲ್ಲಂದ್ರ ಇಲ್ಲ. ನಡುವ ಇನ್ನೊಂದು ಇರ್ತದಂತ ನಮಗ ಹ್ಯಾಂಗ ಗೊತ್ತಾಗಬೇಕು?"

ಸುಂದರಮ್ಮ, "ರೊಟ್ಟಿ ಆರ್ತಾವ, ಉಣ್ರಿ," ಎಂದಳು.

ಮರುದಿನದಿಂದ ಮನೆಯ ಕೆಲಸ ಬೇರೆ ಹಾದಿ ಹಿಡಿಯಿತು. ಸುಂದರಮ್ಮ ಕಾಲು ಊರುವಂತಿಲ್ಲ. ನೀರು ತುಂಬುವುದು, ರೊಟ್ಟಿ, ಒಂದು ದಿನ ಬಿಟ್ಟು ಒಂದು ದಿನ ಗಾಯಕ್ಕೆ ಪಟ್ಟಿ, ಎಲ್ಲ ಯಶೋಧರಾಳ ಪಾಲಿಗೆ. ಮಾಣಿಕಪ್ಪ ಕೆಮ್ಮುತ್ತಲೇ ಹಿಟ್ಟಿನ ಗಿರಣಿಗೆ ಹೋಗಿಬರತೊಡಗಿದ. ಅಜಯಕುಮಾರ ತಾಯಿಯ ಜೊತೆ, ಮಗಳ ಜೊತೆ ಮಾತಾಡುತ್ತಿದ್ದ. ಹೆಂಡತಿಗೆ ಹೇಳುವುದಿದ್ದರೆ ಮೈತ್ರಿಯ ಮೂಲಕ ಹೇಳುತ್ತಿದ್ದ.

"ಮೈತ್ರಿ, ನಿಮ್ಮ ಮಮ್ಮಿಗಿ ಹೇಳು, ಟಿಫಿನ್ನಿನ್ಯಾಗ ಉಪ್ಪು ಹಾಕಿಲ್ಲಂತ."

"ಪಪ್ಪಾ, ಮಮ್ಮಿ ಇಲ್ಲೇ ನಿಂತಾಳ."

"ಹಂಗಾದ್ರ ಕೇಳಿರ್ತದ ಬಿಡು."

ಜುಲೈ 21ರ ಸೋಮವಾರ ಗಾಯ ಇಪ್ಪತ್ತಮೂರು ಇತ್ತು. ಒಂದು ವಾರಕ್ಕೆ ಒಂದು ಮಿಲಿಮೀಟರ್. ಈ ನಡಿಗೆಯಲ್ಲಿ ನಾಲ್ಕು ವಾರಕ್ಕೆ ಇಪ್ಪತ್ತು. ಯಶೋಧರಾ ಲೆಕ್ಕ ಹಾಕಿದಳು, ಯಾರಿಗೂ ಹೇಳಲಿಲ್ಲ.

ಬುಧವಾರ ಏಜೆನ್ಸಿಯ ಮೇಲ್ ಬಂತು. ಮುಂದಿನ ತಿಂಗಳಿಂದ ಅನುವಾದವನ್ನೆಲ್ಲ ಮೊದಲು ಯಂತ್ರವೇ ಮಾಡುತ್ತದೆ, ಅದನ್ನು ತಿದ್ದಿಕೊಡುವುದಷ್ಟೇ ಕೆಲಸ. ಪದಕ್ಕೆ ಇಪ್ಪತ್ತೈದು ಪೈಸೆ. ಅವಳು ಕೂಡಲೇ ಹೈದರಾಬಾದಿಗೆ ಫೋನು ಮಾಡಿದಳು.

"ಸರ್, ಯಂತ್ರ ಬರೆದದ್ದು ತಿದ್ದಲಿಕ್ಕೆ ಹೊಸದಾಗಿ ಬರೆದಷ್ಟೇ ಹೊತ್ತು ಹಿಡೀತದೆ… ಇಪ್ಪತ್ತೈದು ಪೈಸೆಗೆ ಹೇಗೆ ಆಗ್ತದೆ ಸರ್? ನಲವತ್ತಾದರೂ… ಹಳೇ ಬಿಲ್ಲು? ಸೆಪ್ಟೆಂಬರಿಗಾ?"

ಫೋನು ಇಟ್ಟು ತಿರುಗಿದಾಗ ಅತ್ತೆ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡ ಯಶೋಧರಾ ಮೆಲ್ಲಗೆ ಅಡುಗೆಮನೆಗೆ ಹೋದಳು. ಖಾತೆಯಲ್ಲಿದ್ದ ಅರವತ್ತೊಂದು ಸಾವಿರ ಐವತ್ತಾರಾಗಿತ್ತು, ಪಟ್ಟಿ ಮಾತ್ರೆಗಳಿಗೆ. ಒಳಗೆ ಬರುವ ದಾರಿ ಮುಚ್ಚುತ್ತಿತ್ತು. ಬೆರಳು ತೆಗೆಯುವುದೇ ಆದರೆ ಎಷ್ಟು ಖರ್ಚಾದೀತೆಂದು ಕೇಳಲೂ ಅವಳಿಗೆ ಧೈರ್ಯ ಇರಲಿಲ್ಲ. ಮೇಲ್ ಬಂದದ್ದನ್ನು ಗಂಡನಿಗೆ ಹೇಳಲು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಅವನು ಎದ್ದು ಹೋದ.

ಶನಿವಾರ ಬೆಳಿಗ್ಗೆ ಸಕ್ಕರೆಯ ಯಂತ್ರ ಇನ್ನೂರ ತೊಂಬತ್ತೆಂಟು ತೋರಿಸಿತು. ಬುಧವಾರ ಅದೇ ನೂರಾ ಎಪ್ಪತ್ತಿತ್ತು.

"ಅತ್ತೀ, ಏನರೆ ಸಿಹಿ ತಿಂದ್ರೇನು?"

"ಎಲ್ಲೀದು? ಈ ಮನ್ಯಾಗ ಇರೂವಿಗಿ ಸಕ್ರಿ ಸಿಗಂಗಿಲ್ಲ."

ಬಟ್ಟೆ ಒಣಹಾಕುತ್ತಿದ್ದಾಗ ಮೈತ್ರಿ ತಾಯಿಯ ಪಕ್ಕ ಬಂದು ನಿಂತಳು. "ಮಮ್ಮಿ, ಒಂದು ಮಾತು. ಬೈಬಾರದು."

"ಹೇಳು."

"ಆಯಿ ಪೆನ್ನು ತಿರುವ್ತಾಳಲ್ಲ, ಟಿಕ್ ಟಿಕ್ ಅಂತದ. ಒಂದೊಂದು ಯೂನಿಟ್ಟಿಗಿ ಒಂದೊಂದು. ಮೊನ್ನೆ ತನ ಇಪ್ಪತ್ತು ಕೇಳ್ತಿತ್ತು. ಈಗ ಹತ್ತೇ ಕೇಳ್ತದ."

ಯಶೋಧರಾಳ ಕೈಯಲ್ಲಿದ್ದ ಒದ್ದೆ ಸೀರೆ ನೆಲಕ್ಕೆ ಜಾರಿತು. ಅವಳು ಅದನ್ನು ಎತ್ತಲಿಲ್ಲ. ಒಳಗೆ ಹೋಗಿ ಜಗಳ ತೆಗೆಯಬಹುದಿತ್ತು. ಪೆನ್ನು ಕಸಿದುಕೊಳ್ಳಬಹುದಿತ್ತು. ಎಪ್ಪತ್ತೊಂದು ಸಾವಿರ ಇದ್ದಾಗ ಇಲ್ಲ ಎಂದವಳು ತಾನು, ಐವತ್ತಾರು ಅದ ಅಂದರೆ ಅತ್ತೆ ಇವತ್ತು ನಂಬಿಯಾಳೇ? ಬುಧವಾರದ ಫೋನಿನ ಮಾತು ಅತ್ತೆ ಕೇಳಿಸಿಕೊಂಡಿದ್ದಳು. ಬಟವಾಡೆ ಇಲ್ಲ ಎಂದು ಅವಳಿಗೆ ತಿಳಿದಿತ್ತು. ಬಟವಾಡೆ ಇಲ್ಲದ ವಾರ ಏನು ಮಾಡಬೇಕೆಂಬುದು ಅವಳಿಗೆ ನಲವತ್ತು ವರ್ಷದಿಂದ ರೂಢಿ.

ಮರುದಿನ ಭಾನುವಾರ. ಅಮೃತಮ್ಮ ಓಣಿಯ ತುದಿಯಲ್ಲಿ ಕೂಗುತ್ತಿದ್ದಂತೆಯೇ ಯಶೋಧರಾ ಪಾತ್ರೆ ಹಿಡಿದು ಹೊರಗೆ ಬಂದಳು.

"ಒಂದು ಕಿಲೋ ಹಾಕು."

ಅಮೃತಮ್ಮ ಅವಳ ಮುಖ ನೋಡಿದಳು. "ಬಿಲ್ಲು ಬಂತೇನವ್ವಾ? ಇವತ್ತು ಮಳಿ ಬರ್ತದ ಖಾತ್ರಿ."

"ತಲಿ ತೆಗೀಬ್ಯಾಡ. ಹಂಗೇ ಕೊಡು."

ಮೀನಿನ ವಾಸನೆ ಒಳಗೆ ಹೋಗುತ್ತಿದ್ದಂತೆ ಮಾಣಿಕಪ್ಪ ಎದ್ದು ಕೂತ. ಅಜಯಕುಮಾರ ಗಾಡಿಯ ಕೀಲಿ ಹಿಡಿದವನು ಬಾಗಿಲಲ್ಲೇ ನಿಂತ. ಯಶೋಧರಾ ಹುಣಸೆ ಹಿಂಡಿ, ಖಾರ ಕಲಸಿ, ಅಗಲ ಬೋಗುಣಿಯಲ್ಲಿ ಮೀನು ಕುದಿಯಲು ಇಟ್ಟಳು. ಆಮೇಲೆ ಇನ್ಸುಲಿನ್ ಪೆನ್ನು ತೆಗೆದುಕೊಂಡು ಅತ್ತೆಯ ಹಾಸಿಗೆಯ ಪಕ್ಕ ಕೂತಳು.

"ಬಟವಾಡಿ ಆತೇನು?" ಸುಂದರಮ್ಮನ ಮುಖ ಅರಳಿತ್ತು.

ಆತು ಅಂದುಬಿಟ್ಟರೆ ಮುಗಿಯುತ್ತಿತ್ತು. ಮುಂದಿನ ವಾರ ಮತ್ತೆ ಅನ್ನಬೇಕಾಗುತ್ತಿತ್ತು.

"ಇಲ್ಲ ಅತ್ತೀ. ಆಗಿಲ್ಲ. ಸೆಪ್ಟೆಂಬರ್ ತನ ಆಗಂಗಿಲ್ಲ. ರೇಟು ಎಂಬತ್ತು ಪೈಸಾದಿಂದ ಇಪ್ಪತ್ತೈದಕ್ಕ ಇಳಿಸ್ಯಾರ."

ಬಾಗಿಲಲ್ಲಿ ಅಜಯಕುಮಾರನ ಕೀಲಿಯ ಸದ್ದು ನಿಂತಿತು. ಸುಂದರಮ್ಮನ ಮುಖ ಇಳಿಯಿತು. "ಮತ್ತ ಮೀನ ಯಾಕ ತಂದಿ? ಹುಚ್ಚಿ ಏನು ನೀ?"

"ರೊಕ್ಕ ಬಂದಿಲ್ಲ, ಮೀನ ಬಂದದ. ಇನ್ನು ಮ್ಯಾಲ ತಿಂಗಳಿಗೊಮ್ಮಿ ಬರ್ತದ. ಬಟವಾಡಿ ಆದ್ರೂ ಬರ್ತದ, ಆಗಲಿಲ್ಲಂದ್ರೂ ಬರ್ತದ. ಮೀನ ನೋಡಿ ಸೂಜಿ ಚುಚ್ಚೋದು ಇವತ್ತಿಗಿ ಮುಗ್ದದ. ಐವತ್ತಾರು ಸಾವಿರ ಅದ. ನೀವೇ ಇಟ್ಕೊರ್ರಿ ಎಣಿಸಿ. ನನಗ ಅಂಜಿಕಿ ಆಗ್ಯದ ಅತ್ತೀ. ಖರೇ ಹೇಳ್ತೀನಿ, ಭಾಳ ಅಂಜಿಕಿ ಆಗ್ಯದ. ಒಬ್ಬಾಕೇ ಅಂಜಿ ಅಂಜಿ ಸಾಕಾಗ್ಯದ."

ಸುಂದರಮ್ಮ ಸೊಸೆಯ ಕೈಯಲ್ಲಿದ್ದ ಪೆನ್ನನ್ನೇ ನೋಡಿದಳು.

"ನಾನೂ ಅಂಜೀನಿ," ಎಂದಳು. "ಕಾಲಿಗಲ್ಲ. ಔಷಧ ಔಷಧ ಅಂತ ನಿಮ್ಮನ್ನ ತಿಂದು ಹಾಕ್ತೀನೇನೋ ಅಂತ."

"ಹಂಗಾದ್ರ ಪೂರ್ತಿ ತಗೋರಿ. ಬೆರಳು ತೆಗಿಸೋದು ರೀಫಿಲ್ಲಿಗಿಂತ ತುಟ್ಟಿ."

ಮಾಣಿಕಪ್ಪ ನಕ್ಕುಬಿಟ್ಟ, ನಕ್ಕಿದ್ದಕ್ಕೆ ಕೆಮ್ಮು ಬಂತು. ಸುಂದರಮ್ಮ ಪೆನ್ನು ತೆಗೆದುಕೊಂಡಳು. ಹಿಂಬದಿಯ ಗುಂಡಿ ತಿರುವಿದಳು. ಮನೆಯಲ್ಲಿ ಮೀನು ಕುದಿಯುವ ಸದ್ದು ಬಿಟ್ಟರೆ ಅದೊಂದೇ ಸದ್ದು. ಹತ್ತಕ್ಕೆ ಬಂದು ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮುಂದೆ ಹೋಯಿತು. ಮೈತ್ರಿ ಕಣ್ಣು ಮುಚ್ಚಿ ಎಣಿಸಿ, "ಇಪ್ಪತ್ತು," ಎಂದಳು.

ತಲೆಯನ್ನು ಯಶೋಧರಾ ಅತ್ತೆಯ ತಾಟಿಗೇ ಬಡಿಸಿದಳು. ಅಜಯಕುಮಾರ ಆ ದಿನ ಸೇಡಂಗೆ ಹೋಗಲಿಲ್ಲ. ಉಂಡು ಕೈ ತೊಳೆಯುತ್ತ, ಮೈತ್ರಿಯನ್ನು ನಡುವೆ ತಾರದೆ, "ಇಪ್ಪತ್ತೈದು ಪೈಸಾದಾಗ ತಿಂಗಳಿಗಿ ಎಷ್ಟಾಗ್ತದ?" ಎಂದು ಕೇಳಿದ.

"ಐದು ಸಾವಿರ. ಆದ್ರ ಆರು."

"ಟ್ಯೂಷನ್ ಹೇಳು ಮತ್ತ. ಪಿಯುಸಿ ಹುಡುಗ್ರು ಗಾಡ್ಯಾಗ ದಿನಾ ಕೇಳ್ತಾವ, ಅಕ್ಕಾರು ಕೆಮಿಸ್ಟ್ರಿ ಹೇಳ್ತಾರೇನಂತ. ನಾ ಇಲ್ಲ ಅಂದಿದ್ದೆ, ಮೇಡಂ ಭಾಳ ದೊಡ್ಡ ಕೆಲಸದಾಗ ಅದಾರಂತ."

"ಟೈರ್?"

"ಒಂದು ಹಾಕಸ್ತೀನಿ. ಹಿಂದಿಂದು. ಇನ್ನೊಂದು ತಡೀತದ."

ಸೋಮವಾರ, ಜುಲೈ 28ರಂದು ಗಾಯ ಮತ್ತೆ ಇಪ್ಪತ್ನಾಲ್ಕಕ್ಕೆ ಹೋಗಿತ್ತು. ಸರ್ಜನ್ ಪಟ್ಟಿಯನ್ನು ಮೇಜಿನ ಮೇಲೆ ಎಸೆದರು. "ಏನ್ ಮಾಡ್ಲಿಕತ್ತೀರಿ ನೀವು ಮನ್ಯಾಗ? ಹಿಂಗಾದ್ರ ಹನ್ನೊಂದಕ್ಕ ಬರುವಾಗ ಬಟ್ಟಿ ಬರಿ ಕಟ್ಕೊಂಡೇ ಬರ್ರಿ, ಅಡ್ಮಿಟ್ ಆಗಲಿಕ್ಕ." ಸುಂದರಮ್ಮ, "ನನ್ನ ತಪ್ಪು ಸಾಹೇಬ್ರ, ಆಕಿಗಿ ಬೈಬ್ಯಾಡ್ರಿ," ಎಂದಳು.

ಆ ಮೇಲಿನ ಎರಡು ವಾರ ಬೆಳಿಗ್ಗೆ, ರಾತ್ರಿ, ಪೆನ್ನು ತಿರುವುವಾಗ ಮನೆಯವರೆಲ್ಲ ಸುಮ್ಮನಾಗುತ್ತಿದ್ದರು. ಇಪ್ಪತ್ತು. ಹದಿನಾರು. ಟ್ಯೂಷನ್ನಿಗೆ ನಾಲ್ವರು ಹುಡುಗರು ಬಂದರು. ಪಡಸಾಲೆಯಲ್ಲಿ ಕೂತ ಅವರು ಹಾಸಿಗೆಯ ಮೇಲಿನ ಅಜ್ಜಿಗೆ ಅಂಜಿ ಮೆಲ್ಲನೆ ಸೂತ್ರ ಹೇಳುತ್ತಿದ್ದರು. ಯಶೋಧರಾಳ ಅಂಜಿಕೆ ಮಾತ್ರ ಇಳಿಯಲಿಲ್ಲ. ಪಟ್ಟಿ ಬಿಚ್ಚುವ ಮುನ್ನ ಪ್ರತಿ ಸಲ ಉಸಿರು ಹಿಡಿಯುತ್ತಿದ್ದಳು, ವಾಸನೆ ಬಂದೀತೆಂದು. ಆಗಸ್ಟ್ ನಾಲ್ಕಕ್ಕೆ ಗಾಯ ಇಪ್ಪತ್ತಾಯಿತು. ಸರ್ಜನ್ ಅದನ್ನು ಚೀಟಿಯಲ್ಲಿ ಬರೆದು, ಮುಟ್ಟಬೇಕಾದ ಹದಿನಾರು ಮಿಲಿಮೀಟರಿನ ಕೆಳಗೆ ಗೆರೆ ಎಳೆದರು. ಅದು ಒಳ್ಳೆಯದೋ ಕೆಟ್ಟದೋ ಅವಳಿಗೆ ತಿಳಿಯಲಿಲ್ಲ.

ಆಗಸ್ಟ್ ಹನ್ನೊಂದರ ಬೆಳಿಗ್ಗೆ ಅವಳು ಅತ್ತೆಯ ಎರಡು ಸೀರೆ, ಒಂದು ಚಾದರ, ಚೊಂಬು ಚೀಲಕ್ಕೆ ಹಾಕಿದಳು. ಸುಂದರಮ್ಮ ನೋಡಿಯೂ ನೋಡದವಳಂತೆ ಇದ್ದಳು. ಹಿಂದಿನ ಹೊಸ ಟೈರಿನ ಮೇಲೆ ಗಾಡಿ ಶಹಾಬಾದಿಗೆ ಮೆಲ್ಲಗೆ ಹೋಯಿತು. ದಾರಿಯಲ್ಲಿ ಮಾಣಿಕಪ್ಪ ತಾನು ಒಡೆದ ಗಣಿಗಳನ್ನು ತೋರಿಸುತ್ತ ಬಂದ. ಅವುಗಳಲ್ಲಿ ಈಗ ಹಸಿರು ನೀರು ನಿಂತಿತ್ತು. ಯಾರೂ ಅತ್ತ ನೋಡಲಿಲ್ಲ.

ಸರ್ಜನ್ ಪಟ್ಟಿ ಬಿಚ್ಚಿ, ತೊಳೆದು, ದೀಪ ಹತ್ತಿರ ಎಳೆದುಕೊಂಡರು. ಕಾಗದದ ಅಳತೆಪಟ್ಟಿ ಇಟ್ಟರು. ತೆಗೆದರು. ಇನ್ನೊಂದು ದಿಕ್ಕಿನಿಂದ ಮತ್ತೆ ಇಟ್ಟರು.

"ಹೇಳ್ರಿ ಸಾಹೇಬ್ರ," ಎಂದಳು ಸುಂದರಮ್ಮ. ಅವಳ ಕೈ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. "ಬೆರಳು ಇರ್ತದೋ ಹೋಗ್ತದೋ?"

ಸರ್ಜನ್ ಅಳತೆಪಟ್ಟಿಯನ್ನು ಗಾಯದ ಮೇಲೆ ಹಿಡಿದುಕೊಂಡೇ ಯಶೋಧರಾಳಿಗೆ ಕಣ್ಸನ್ನೆ ಮಾಡಿದರು. "ನೀವು ಸೈನ್ಸ್ ಓದಿದವರು. ನೀವೇ ಓದ್ರಿ."

ಅವಳು ಬಗ್ಗಿದಳು. ಗೆರೆಗಳು ಒಂದರೊಳಗೊಂದು ಕಲಸಿದವು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಒಂದು ಅಂಚು ಸೊನ್ನೆಯ ಮೇಲಿತ್ತು. ಇನ್ನೊಂದು ಅಂಚಿನವರೆಗೆ ಒಂದೊಂದೇ ಗೆರೆ ಎಣಿಸಿ ಓದಿದಳು.

"ಹದಿನೈದು ಮಿಲಿಮೀಟರ್."